ಮೋರಿಗೆ ಆಯಿಲ್ ಸುರಿದಿದ್ದು ತಪ್ಪು, ಕಾರು ಬಿಚ್ಚಿದ್ದು ತಪ್ಪಲ್ಲ

ಮಾನ್ಯ ಸಂಪಾದಕರೇ, ನಮಸ್ಕಾರ.

ಹೋದ ವಾರ ನಿಮ್ಮ ಪೇಪರಲ್ಲಿ ಓದುಗರ ಪತ್ರಗಳ ಜಾಗದಲ್ಲಿ ತುಮಕೂರಿನ ನಮ್ಮ ಬಡಾವಣೆಯ ಹಿರಿಯರೊಬ್ರು ಬರ್ದಿದ್ರು, ಮನೆ ಮುಂದೆ ಹಳೇ ಕಾರು ನಿಲ್ಲಿಸ್ಕೊಂಡು ಭಾನುವಾರ ಬಂತು ಅಂದ್ರೆ ಅದನ್ನ ಬಿಚ್ಚಿ ಹರವಿಕೊಂಡು ಕೂರೋ ಹುಡುಗ್ರಿಂದ ರೋಡಲ್ಲಿ ಓಡಾಡೋಕೆ ಆಗ್ತಿಲ್ಲ, ಸದ್ದು ತಡ್ಕೊಳ್ಳೋಕಾಗಲ್ಲ, ಮೋರಿ ತುಂಬ ಆಯಿಲ್ಲು, ಇಂಥ ಗಾಡಿಗಳನ್ನೆಲ್ಲ ಎತ್ತಾಕ್ಕೊಂಡು ಹೋಗಿ ಗುಜರಿಗೆ ಹಾಕ್ಬೇಕು ಅಂತ. ಹೆಸರು ಬರ್ದಿರ್ಲಿಲ್ಲ. ಬರೀಬೇಕಾಗೂ ಇರ್ಲಿಲ್ಲ ಬಿಡಿ, ನಮ್ಮ ಕ್ರಾಸಲ್ಲಿ ಮುಂದಿನ ಎರಡು ಚಕ್ರ ಇಲ್ದೆ ಸ್ಟ್ಯಾಂಡ್ ಮೇಲೆ ಕೂತಿರೋ ಕಾರು ಇರೋದು ಒಂದೇ, ಅದು ನಂದು. ಬೆಳಗ್ಗೆ ಹಾಲು ತರೋಕೆ ಹೋದ್ರೆ ಅಂಗಡಿಯವ್ರೇ ಪೇಪರ್ ಮಡಿಚಿ ಕೈಗೆ ಕೊಟ್ಟು "ನಿಮ್ದೇ ಬಂದೈತೆ ನೋಡಿ ಸಾರ್" ಅಂದ್ರು.

ಮೊದ್ಲು ಸಿಟ್ಟು ಬಂತು. ಸಂಜೆ ಕೂತು ಇನ್ನೊಂದ್ಸಲ ಓದಿದಾಗ ಅವ್ರು ಬರ್ದಿರೋದ್ರಲ್ಲಿ ಒಂದು ಮಾತು ಪಕ್ಕಾ ನಿಜ ಅನ್ನಿಸ್ತು. ಆ ಒಂದು ಮಾತಿಗೇ ಈ ಪತ್ರ. ಆದ್ರೆ ಅದಕ್ಕೆ ಮುಂಚೆ ಉಳಿದಿದ್ದನ್ನ ಹೇಳ್ದೇ ಇದ್ರೆ ನನ್ನ ಹೊಟ್ಟೆ ಉಬ್ಬರ ಇಳಿಯಲ್ಲ, ಸ್ವಲ್ಪ ಉದ್ದ ಆಗುತ್ತೆ, ನೀವು ಕತ್ತರಿ ಹಾಕಿದ್ರೂ ಬೇಜಾರಿಲ್ಲ.

ನಮ್ಮನ್ನ ಹುಡುಗ್ರು ಅಂದ್ರಲ್ಲ, ಅದಕ್ಕೆ ಥ್ಯಾಂಕ್ಸ್. ನಮ್ಮಲ್ಲಿ ಚಿಕ್ಕವನಿಗೇ 34, ನನಗೆ 46. ನಾಲ್ಕು ಜನ ಇದೀವಿ. ಒಬ್ಬ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಆಪರೇಟರ್ರು, ಒಬ್ರು ಹೈಸ್ಕೂಲ್ ಮೇಷ್ಟ್ರು, ಇನ್ನೊಬ್ಬ ಲೈನ್‌ಮ್ಯಾನ್, ಬೆಸ್ಕಾಂ ಆಗಿ ಎಷ್ಟು ವರ್ಷ ಆದ್ರೂ ನಾವು ಅವನನ್ನ ಕೆಇಬಿ ಅಂತಲೇ ಕರಿಯೋದು. ನಾನು ಮಂಡಿಪೇಟೆಲಿ ಲೆಕ್ಕ ಬರೆಯೋನು. ಕಾರು 1998ರ ಮಾರುತಿ 800, ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡೋ ಭಾಗ) ಇರೋ ಮಾಡೆಲ್ಲು, ಕೆಎ 06. ತಗೊಂಡಿದ್ದು ನಮ್ಮ ದೊಡ್ಡಪ್ಪ. ಅವ್ರು ನಮ್ಮೂರ ಎಚ್‌ಎಂಟಿ ವಾಚ್ ಫ್ಯಾಕ್ಟರೀಲಿ ಇದ್ದವ್ರು, ಆ ಫ್ಯಾಕ್ಟರಿ ಮುಚ್ಚಿ ಈಗ ಜಾಗ ಇಸ್ರೋಗೆ ಹೋಗಿದೆ, ಗೊತ್ತಿರೋದೇ. ಗಡಿಯಾರದ ಕೆಲಸ ಮಾಡಿದ ಕೈ ಅಲ್ವಾ, ಸ್ಪಾರ್ಕ್ ಪ್ಲಗ್ಗಿನ ಗ್ಯಾಪನ್ನ ಎಲ್ರೂ ಕಣ್ಣಳತೇಲಿ ಮಾಡಿದ್ರೆ ಇವ್ರು ಸಂದು ಅಳೆಯೋ ತೆಳು ಪಟ್ಟಿ, ಫೀಲರ್ ಗೇಜ್ ತೆಗ್ದು 0.7, 0.8 ಎಂಎಂ ಅಂತ ತೂರಿಸಿ ನೋಡೋರು, ಮೂರು ಪ್ಲಗ್ಗಿಗೆ ಅರ್ಧ ಗಂಟೆ. ನಾನು ಪಕ್ಕದಲ್ಲಿ ಟಾರ್ಚ್ ಹಿಡ್ಕೊಂಡು ನಿಂತಿರ್ತಿದ್ದೆ, ಬೆಳಕು ಅಲ್ಲಾಡಿದ್ರೆ ಬೈಗುಳ. ಅವ್ರು ಹೋದ್ಮೇಲೆ ಕಾರನ್ನ ಮಾರೋಣ ಅಂತ ಒಬ್ರನ್ನ ಕರ್ಸಿದ್ವಿ, ಬಂದವನು ಬಾನೆಟ್ ಕೂಡ ಎತ್ತಿ ನೋಡ್ಲಿಲ್ಲ, ಸುತ್ತ ಒಂದು ರೌಂಡ್ ಹಾಕಿ ತೂಕದ ಲೆಕ್ಕದಲ್ಲಿ ರೇಟ್ ಹೇಳ್ದ. ಕಬ್ಬಿಣದ ರೇಟು! ಅವತ್ತೇ ಮಾರೋ ಯೋಚನೆ ಬಿಟ್ಟೆ.

ಈ ಗಾಡಿಗಳನ್ನ ಮನೇಲೇ ಯಾಕೆ ಬಿಚ್ತೀರಿ, ಗ್ಯಾರೇಜ್ ಇಲ್ವಾ ಅಂತ ಕೇಳಿದಾರೆ. ಗ್ಯಾರೇಜ್ ಐತೆ ಸಾರ್, ಕಾರ್ಬೊರೇಟರ್ ಗೊತ್ತಿರೋರು ಇಲ್ಲ. ಈಗಿನ ಮೆಕ್ಯಾನಿಕ್ ಹುಡುಗ್ರು ಬಂದ ತಕ್ಷಣ ಸ್ಕ್ಯಾನರ್ ಚುಚ್ಚೋಕೆ ಜಾಗ ಹುಡುಕ್ತಾರೆ, ನಮ್ಮ ಗಾಡೀಲಿ ಚುಚ್ಚೋಕೆ ಜಾಗವೇ ಇಲ್ಲ. ಅವ್ರ ತಪ್ಪೂ ಅಲ್ಲ, ಅವ್ರು ಕಲಿಯೋ ಹೊತ್ತಿಗೆ ಎಲ್ಲಾ ಎಂಪಿಎಫ್‌ಐ, ಅಂದ್ರೆ ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸೋ ಇಂಜಿನ್ ಆಗಿತ್ತು. ಸಿರಾ ಗೇಟ್ ಕಡೆ ಒಬ್ರು ವಯಸ್ಸಾದ ಸಾಬ್ರು ಇದ್ರು, ಇಂಜಿನ್ ಸದ್ದು ಕೇಳೇ ಯಾವ ಸ್ಕ್ರೂ ಎಷ್ಟು ತಿರುಗಿಸ್ಬೇಕು ಹೇಳೋರು, ಕಣ್ಣು ಮಂಜಾಗಿ ಅವ್ರೂ ಅಂಗಡಿ ಮುಚ್ಚಿದ್ರು.

ಒಂದು ಉದಾಹರಣೆ ಹೇಳ್ತೀನಿ. ಹೋದ ಬೇಸಿಗೇಲಿ ದೇವರಾಯನದುರ್ಗದ ಬೆಟ್ಟ ಹತ್ತುವಾಗ ಕಾರು ಜರ್ಕ್ ಹೊಡ್ಯೋಕೆ ಶುರು ಮಾಡ್ತು, ಆಮೇಲೆ ನಿಂತೇ ಹೋಯ್ತು. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತೆ, ಇನ್ನೊಂದು ತಿರುವು ಬಂತು ಮತ್ತೆ ಅದೇ ಕತೆ. ಬಿಸಿಗೆ ಪೆಟ್ರೋಲ್ ಪೈಪಲ್ಲೇ ಆವಿ ಆಗಿ ಪಂಪಿಗೆ ಸಿಗ್ತಿಲ್ಲ ಅಂದ್ಕೊಂಡು ಒದ್ದೆ ಬಟ್ಟೆ ಹಾಕಿದ್ವಿ, ಅಲ್ಲಿದ್ದ ಕೋತಿ ಬಂದು ಬಟ್ಟೆ ಎತ್ಕೊಂಡು ಹೋಯ್ತು. ಊರಿಗೆ ಬಂದು ಒಂದು ಗ್ಯಾರೇಜಿಗೆ ಬಿಟ್ರೆ ಕಾರ್ಬೊರೇಟರ್ ಕ್ಲೀನ್ ಅಂತ ದುಡ್ಡು ತಗೊಂಡ್ರು, ಸರಿ ಹೋಗ್ಲಿಲ್ಲ, ಪ್ಲಗ್ಗು ವೈರು ಬದಲಾಯಿಸಿದ್ರು, ಅದಕ್ಕೂ ದುಡ್ಡು ಹೋಯ್ತು, ಆಮೇಲೆ "ಸಾರ್ ಇದನ್ನ ಕೊಟ್ಬಿಡಿ" ಅಂದ್ರು. ಭಾನುವಾರ ನಾವೇ ಕೂತ್ವಿ. ಟ್ಯಾಂಕಿಂದ ಪಂಪಿನವರೆಗೂ ಒಂದೊಂದೇ ಜಾಯಿಂಟ್ ಮುಟ್ಟಿ ನೋಡ್ತಾ ಬಂದ್ರೆ ಪಂಪಿಗೆ ಬರೋ ಕಡೆ ರಬ್ಬರ್ ಪೈಪು ಹಲಸಿನ ಮೇಣದ ಹಾಗೆ ಮೆತ್ತಗಾಗಿ ಕ್ಲಿಪ್ ಹತ್ರ ಕೂದಲೆಳೆಯಷ್ಟು ಸೀಳಿತ್ತು. ಪೆಟ್ರೋಲ್ ಮಾತ್ರ ಒಂದು ತೊಟ್ಟೂ ಹೊರಗೆ ಸೋರ್ತಿರ್ಲಿಲ್ಲ! ಯಾಕೆ ಅಂತ ಮೇಷ್ಟ್ರು ಹೇಳಿದ್ರು, ಅದು ಪಂಪ್ ಎಳ್ಕೊಳ್ಳೋ ಕಡೆ ಪೈಪು, ಸೀಳಿದ್ರೆ ಪೆಟ್ರೋಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತೆ, ಸ್ಟ್ರಾ ತೂತಾಗಿದ್ರೆ ಎಳನೀರು ಬರಲ್ವಲ್ಲ ಹಾಗೆ. ಸಮ ರೋಡಲ್ಲಿ ಹೇಗೋ ಸಾಲುತ್ತೆ, ಉಬ್ಬು ಹತ್ತುವಾಗ ಪೆಟ್ರೋಲ್ ಜಾಸ್ತಿ ಬೇಕು, ಆಗ ಸಾಲಲ್ಲ. ಈಗ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥೆನಾಲ್ ಇರುತ್ತೆ, ಅದು ಹಳೇ ರಬ್ಬರನ್ನ ಮೆತ್ತಗೆ ಮಾಡುತ್ತೆ, ನೀರನ್ನೂ ಎಳ್ಕೊಳ್ಳುತ್ತೆ. 2023ರ ಏಪ್ರಿಲ್ ಆದ್ಮೇಲೆ ಬಂದ ಗಾಡಿಗಳಲ್ಲಿ ಅದಕ್ಕೆ ತಡಿಯೋ ರಬ್ಬರ್ ಹಾಕಿರ್ತಾರೆ, 1998ರ ಪೈಪಿಗೆ ಇದೆಲ್ಲ ಎಲ್ಲಿ ಗೊತ್ತು. ಬೆಂಗಳೂರಿನ ಜೆಸಿ ರೋಡಿಂದ ಒಳ್ಳೇ ಪೈಪ್ ಒಂದು ಮೀಟರ್ ತರ್ಸಿ ಹಾಕಿದ್ವಿ, ಖರ್ಚು ಒಂದು ಹೊತ್ತು ನಾಲ್ಕು ಜನ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದಷ್ಟು. ಹಳೇ ಕಾರು ಇಟ್ಕೊಂಡಿರೋರು ದಯವಿಟ್ಟು ಇವತ್ತೇ ಆ ಪೈಪ್ ಮುಟ್ಟಿ ನೋಡಿ, ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರಿದ್ರೆ ಏನಾಗುತ್ತೆ ಅಂತ ಹೇಳ್ಬೇಕಾಗಿಲ್ಲ.

ಗುಜರಿಗೆ ಹಾಕಿ ಅನ್ನೋ ಮಾತಿಗೆ ಬರ್ತೀನಿ. ದೆಹಲಿ ಕಡೆ ಪೆಟ್ರೋಲ್ ಗಾಡಿಗೆ 15 ವರ್ಷ, ಡೀಸೆಲ್‌ಗೆ 10 ವರ್ಷ ಅನ್ನೋ ರೂಲ್ಸ್ ಬಗ್ಗೆ ಟಿವೀಲಿ ನೋಡಿ ಇಲ್ಲೂ ಹಂಗೇ ಅಂದ್ಕೊಂಡಿದಾರೆ ಬಹಳ ಜನ. ನಮ್ಮಲ್ಲಿ 15 ವರ್ಷ ಆದ್ಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸ್ಬೇಕು, ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಲ್ಲಿಸ್ಬೇಕು, ಪಾಸಾದ್ರೆ ಓಡಿಸ್ಬಹುದು, ಅಷ್ಟೇ. 600 ರೂಪಾಯಿ ಇದ್ದ ಫೀಸು 2022ರ ಏಪ್ರಿಲಿಂದ 5,000 ಆಯ್ತು, ನಾನು 2023ರಲ್ಲಿ ಅಷ್ಟೂ ಕಟ್ಟಿದೀನಿ. 2025ರ ಆಗಸ್ಟಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದಾರೆ, 2028ಕ್ಕೆ ಅದಕ್ಕೂ ಈಗ್ಲಿಂದ್ಲೇ ಡಬ್ಬಿಗೆ ಹಾಕ್ತಾ ಇದೀನಿ. ಇಷ್ಟು ಕಟ್ಟಿ, ಎಮಿಷನ್ ಮಾಡಿಸಿ, ಇನ್ಶೂರೆನ್ಸ್ ಕಟ್ಟಿ ಇಟ್ಕೊಂಡಿರೋ ಗಾಡೀನ ಗುಜರಿ ಅಂದ್ರೆ ಸಂಕಟ ಆಗುತ್ತೆ.

ಸದ್ದಿನ ವಿಚಾರ. ರಾತ್ರಿ ಹನ್ನೊಂದಕ್ಕೆ ಬಿಎಚ್ ರೋಡಲ್ಲಿ ಪಟಾಕಿ ಹೊಡ್ದಂಗೆ ಸೈಲೆನ್ಸರ್ ಹಾಕ್ಕೊಂಡು ಹೋಗೋರು ನಾವಲ್ಲ. ಅವ್ರಿಂದಾನೇ ಮಾಡಿಫೈ ಅಂದ್ರೆ ಪೋಲಿ ಕೆಲಸ ಅನ್ನೋ ಹಾಗಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ತಾಳೆ ಆಗದ ಹಾಗೆ ಗಾಡೀನ ಬದಲಾಯಿಸೋ ಹಾಗಿಲ್ಲ, 2019ರ ಜನವರೀಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ, ಅದೇ ವರ್ಷದ ತಿದ್ದುಪಡೀಲಿ ಒಂದೊಂದು ಬದಲಾವಣೆಗೆ 5,000 ದಂಡ ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಇದನ್ನ ನಮ್ಮ ಬಾಗಿಲ ಒಳಗಡೆ ಅಂಟಿಸಿದೀವಿ, ಲೇತ್‌ನವನಿಗೆ ಆಗಾಗ ದೊಡ್ಡ ಅಲಾಯ್ ಚಕ್ರ ಹಾಕೋಣ ಅನ್ನೋ ಆಸೆ ಬರುತ್ತೆ ಅದಕ್ಕೆ. 12 ಇಂಚಿನ ಚಕ್ರದ ಗಾಡಿಗೆ 14 ಇಂಚು ಹಾಕಿದ್ರೆ ಸ್ಟೇರಿಂಗ್ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜುತ್ತೆ ಕಣೋ ಅಂದ್ರೆ ಮಡ್‌ಗಾರ್ಡ್ ಕತ್ತರಿಸೋಣ ಅಂತಾನೆ ಪುಣ್ಯಾತ್ಮ.

ನಾವು ಮಾಡಿರೋ ದೊಡ್ಡ ಮಾಡಿಫಿಕೇಷನ್ ಅಂದ್ರೆ ಹೆಡ್‌ಲೈಟಿಗೆ ರಿಲೇ, ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟನ್ನ ಆನ್ ಮಾಡೋ ಸ್ವಿಚ್ಚು. ಹಳೇ ಗಾಡೀಲಿ ಲೈಟಿನ ಕರೆಂಟು ಸ್ಟೇರಿಂಗ್ ಹತ್ರದ ಸ್ವಿಚ್ಚಿನೊಳಗೇ ಹಾದು ಬರುತ್ತೆ, ವೈರು ಸಣ್ಣ, ಸ್ವಿಚ್ಚಿನ ಪಾಯಿಂಟು ಸವೆದಿರುತ್ತೆ. ಕೆಇಬಿ ಮೀಟರ್ ಇಟ್ಟು ತೋರಿಸ್ದ, ಬ್ಯಾಟರಿ ಹತ್ರ 13ಕ್ಕೆ ಮೇಲೆ ವೋಲ್ಟು, ಬಲ್ಬ್ ಹತ್ರ ಬರೋ ಹೊತ್ತಿಗೆ 11 ಚಿಲ್ರೆ, ನಮ್ಮ ಹಳ್ಳಿ ಕಡೆ ಲೈನಿನ ಕೊನೇ ಮನೆ ಇದ್ದ ಹಾಗೆ. ಜನ ಏನ್ಮಾಡ್ತಾರೆ ಅಂದ್ರೆ ಬೆಳಕು ಸಾಲಲ್ಲ ಅಂತ 100/90 ವ್ಯಾಟ್ ಬಲ್ಬ್ ಹಾಕ್ತಾರೆ, ಹೋಲ್ಡರ್ ಕರಗುತ್ತೆ, ಎದುರಿಗೆ ಬರೋನ ಕಣ್ಣು ಕುಕ್ಕುತ್ತೆ. ರಿಲೇ ಹಾಕಿ ಬ್ಯಾಟರಿಯಿಂದ ಫ್ಯೂಸ್ ಸಮೇತ ನೇರ ದಪ್ಪ ವೈರ್ ಎಳೆದ್ರೆ ಅದೇ 60/55 ಬಲ್ಬು, ಬೆಳಕು ಮಾತ್ರ ಬೇರೇನೇ.

ಜಾಕಿ ವಿಷ್ಯದಲ್ಲಿ ಒಂದ್ಸಲ ದೇವ್ರೇ ಕಾಪಾಡಿದ್ದು, ಅದನ್ನೂ ಒಪ್ಕೋತೀನಿ. ಇಳಿಜಾರಲ್ಲಿ ಬರೀ ಜಾಕಿ ಮೇಲೆ ಎತ್ತಿ ನಾನು ಕೆಳಗೆ ಹೋಗೋಕೆ ಕಾಲು ಚಾಚಿದ್ದೆ, ಮನೆಯವ್ಳು ಕಾಫಿಗೆ ಕರೆದ್ಲು ಅಂತ ಎದ್ದೆ, ಎದ್ದು ಎರಡು ನಿಮಿಷಕ್ಕೆ ಜಾಕಿ ಜಾರಿ ಕಾರು ದಡಕ್ಕನೆ ಕೂತ್ತು. ಆ ಸದ್ದಿಗೆ ಪತ್ರ ಬರ್ದಿರೋ ಹಿರಿಯರೂ ಓಡಿ ಬಂದಿದ್ರು. ಅವತ್ತಿಂದ ಎರಡು ಸ್ಟ್ಯಾಂಡು, ಚಕ್ರಕ್ಕೆ ಕಲ್ಲು, ಪಕ್ಕಕ್ಕೆ ಸ್ಟೆಪ್ನಿ ತಳ್ಳಿ ಆದ್ಮೇಲೇ ಯಾರಾದ್ರೂ ಕೆಳಗೆ ಹೋಗೋದು.

ಈಗ ಅವ್ರು ಹೇಳಿದ ನಿಜದ ಮಾತು. ಆಯಿಲ್ಲು.

ಹೌದು, ಸುರಿದಿದೀವಿ. ಶುರುವಿನ ಎರಡು ಮೂರು ವರ್ಷ ಇಂಜಿನ್ ಆಯಿಲ್ ಬದಲಾಯಿಸಿದಾಗ ಹಳೇದನ್ನ ಮೋರಿಗೇ ಹಾಕ್ತಿದ್ವಿ, ಒಂದು ಸಲಕ್ಕೆ ಹತ್ತತ್ರ ಮೂರು ಲೀಟರ್. ಎಲ್ರೂ ಹಾಗೇ ಮಾಡ್ತಿದ್ರು ಅನ್ನೋದು ಬಿಟ್ರೆ ನಮ್ಮ ಹತ್ರ ಬೇರೆ ಉತ್ರ ಇಲ್ಲ. ಒಂದ್ಸಲ ಮಳೆ ಬಂದು ಮೋರಿ ಉಕ್ಕಿ ಅವ್ರ ಮನೆ ಗೇಟಿನ ರಂಗೋಲಿ ಮೇಲೆಲ್ಲ ಕಾಮನಬಿಲ್ಲಿನ ಬಣ್ಣದಲ್ಲಿ ಆಯಿಲ್ ಹರಡ್ತು, ಅವ್ರ ಸೊಸೆ ಸೋಪಿನಪುಡಿ ಹಾಕಿ ಉಜ್ಜಿ ಉಜ್ಜಿ ಸಾಕಾಗಿ ನಮ್ಮ ಮನೆ ಕಡೆ ನೋಡಿದ್ದು ನನಗಿನ್ನೂ ನೆನಪಿದೆ. ಮೋರಿ ನೀರು ತಗ್ಗಿಗೆ ಹೋಗುತ್ತೆ, ನಮ್ಮ ಸೀಮೇಲಿ ತಗ್ಗು ಅಂದ್ರೆ ಕೆರೆ. ಮೇಷ್ಟ್ರು ಅವತ್ತಿಂದ ಕ್ಯಾನಿಗೆ ತುಂಬೋ ರೂಲ್ಸ್ ಮಾಡಿದ್ರು.

ತುಂಬಿದ ಕ್ಯಾನು ಎಲ್ಲಿಗೆ ಕೊಡೋದು? ಇಲ್ಲೇ ಇರೋದು ಸಮಸ್ಯೆ. ಸೆಂಟ್ರಿಂಗ್‌ನವ್ರು ಶೀಟಿಗೆ ಹಚ್ಚೋಕೆ ಅಂತ ಒಂದೊಂದ್ಸಲ ಕೇಳ್ತಾರೆ, ಊರ ಕಡೆಯೋರು ಗೆದ್ದಲಿಗೆ ಅಂತ ಒಯ್ತಾರೆ, ಅದೂ ಕೊನೆಗೆ ಮಣ್ಣಿಗೇ ಅಲ್ವಾ ಹೋಗೋದು. ಕಸದ ಆಟೋದವ್ರು ಮುಟ್ಟಲ್ಲ, ಮುಟ್ಟಲೂಬಾರ್ದು. ಒಂದು ಸರ್ವೀಸ್ ಸ್ಟೇಷನ್ನಿಗೆ ಹೋದ್ರೆ ನಮ್ಮಲ್ಲಿ ಸರ್ವೀಸ್ ಮಾಡಿಸಿದ ಗಾಡೀದು ಮಾತ್ರ ಅಂದ್ರು, ಒಂದು ಆಫೀಸಿಗೆ ಹೋದ್ರೆ ಇನ್ನೊಂದು ಆಫೀಸಿಗೆ ಕಳ್ಸಿದ್ರು, ಅಲ್ಲಿ ಕ್ಯಾನ್ ನೋಡಿ ಒಳಗೇ ಬಿಡ್ಲಿಲ್ಲ. 2016ರ ಅಪಾಯಕಾರಿ ತ್ಯಾಜ್ಯದ ನಿಯಮದಲ್ಲಿ ಬಳಸಿದ ಆಯಿಲ್ ಕೂಡ ಸೇರಿದೆ, ಅನುಮತಿ ಇರೋ ರೀಸೈಕ್ಲರ್‌ಗೇ ಹೋಗ್ಬೇಕು. 2024ರ ಏಪ್ರಿಲಿಂದ ಆಯಿಲ್ ತಯಾರಿಸೋ ಕಂಪನಿಗಳಿಗೂ ಹಳೇ ಆಯಿಲ್ ರೀಸೈಕಲ್ ಮಾಡಿಸೋ ಜವಾಬ್ದಾರಿ ಹಾಕಿದಾರೆ. ಕಾನೂನು ಅಲ್ಲಿ ಇದೆ, ಕ್ಯಾನ್ ಹಿಡ್ಕೊಂಡು ನಾನು ಇಲ್ಲಿ ನಿಂತಿದೀನಿ, ಮಧ್ಯದ ದಾರಿ ಯಾರೂ ಹೇಳ್ತಿಲ್ಲ.

ಹಳೇ ಬ್ಯಾಟರೀನ ಯಾರಾದ್ರೂ ಮೋರಿಗೆ ಎಸೆದಿರೋದು ನೋಡಿದೀರಾ? ನಾನಂತೂ ನೋಡಿಲ್ಲ. ಯಾಕಂದ್ರೆ ಹೊಸಾದು ತಗೊಳ್ಳುವಾಗ ಹಳೇದು ಕೊಟ್ರೆ ಅಂಗಡಿಯವನು ದುಡ್ಡು ಕಮ್ಮಿ ಮಾಡ್ತಾನೆ, ಕೆಟ್ಟ ಬ್ಯಾಟರಿ ಇದ್ರೆ ಕಳ್ಳರೂ ಬಿಡಲ್ಲ. ಆಯಿಲಿಗೂ ಹಾಗೇ ಮಾಡಿ ಸಾರ್. ಹೊಸ ಆಯಿಲ್ ಕ್ಯಾನ್ ಮಾರೋ ಅಂಗಡೀಲೇ ಹಳೇದು ವಾಪಸ್ ತಗೊಂಡು ಇಪ್ಪತ್ತು ರೂಪಾಯಿ ಬಿಟ್ರೂ ಸಾಕು, ಇಡೀ ತುಮಕೂರಿನ ಟೂ ವೀಲರ್ ಮೆಕ್ಯಾನಿಕ್ಕುಗಳೂ ತಂದ್ಕೊಡ್ತಾರೆ, ನಮ್ಮ ನಾಲ್ಕು ಜನರ ಮೂರು ಲೀಟರ್ ಯಾವ ಲೆಕ್ಕ, ಒಂದೊಂದು ಗ್ಯಾರೇಜಲ್ಲಿ ದಿನಕ್ಕೆ ಎಷ್ಟು ಗಾಡಿ ಆಯಿಲ್ ಬದಲಾಗುತ್ತೆ ಯೋಚನೆ ಮಾಡಿ. ಅಂಗಡಿಯವ್ರು ಒಪ್ಪೋವರೆಗೆ ಮಹಾನಗರ ಪಾಲಿಕೆಯವ್ರು ಗುಬ್ಬಿ ಗೇಟಲ್ಲೊಂದು, ಕ್ಯಾತ್ಸಂದ್ರದಲ್ಲೊಂದು ಮುಚ್ಚಳ ಇರೋ ಡ್ರಮ್ ಇಡ್ಲಿ, ತಿಂಗಳಿಗೆ ಒಂದು ದಿನ ಅಂತ ಹೇಳಿದ್ರೂ ಸರಿ, ಹಾಜರಾಗ್ತೀವಿ.

ಹಿರಿಯರ ಮನೆಗೆ ಮೊನ್ನೆ ಹೋಗಿದ್ದೆ. ಕ್ಷಮೆ ಕೇಳೋಕೆ ಹೋದವನಿಗೆ ಕಾಫಿ ಕೊಟ್ರು, ಆಮೇಲೆ ಶೆಡ್ಡಲ್ಲಿ ಒಂದು ಹಳೇ ಪದ್ಮಿನಿ ಕಾರು ನಿಂತಿದೆ, ಹತ್ತು ವರ್ಷದಿಂದ ಸ್ಟಾರ್ಟ್ ಆಗಿಲ್ಲ, ಒಂದ್ಸಲ ಬಂದು ನೋಡ್ತೀರಾ ಅಂದ್ರು. ಭಾನುವಾರ ಹೋಗ್ತಿದೀವಿ. ಅದರದ್ದೂ ಆಯಿಲ್ ತೆಗೀಬೇಕಾಗುತ್ತೆ, ಈಗಾಗ್ಲೇ ನಮ್ಮ ಮೆಟ್ಟಿಲ ಕೆಳಗೆ ಏಳು ಕ್ಯಾನ್ ತುಂಬಿ ಕೂತಿದೆ, ಇನ್ನು ಜಾಗ ಇಲ್ಲ. ತುಮಕೂರಲ್ಲಿ ಇದನ್ನ ತಗೊಳ್ಳೋರು ಯಾರಾದ್ರೂ ಇದ್ರೆ ದಯವಿಟ್ಟು ಇದೇ ಕಾಲಂಗೆ ಬರೀರಿ.

ಇಂತಿ ನಿಮ್ಮ ಓದುಗ,
ತುಮಕೂರು