ಶನಿವಾರದ ರೇಸಿಗೆ ಹೋಗುವ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಶನಿವಾರ ಮೊದಲ ಬಾರಿಗೆ ರೇಸ್ ನೋಡಲು ಹೋಗುತ್ತಿರುವುದಾಗಿ ಬರೆದು, ಯಾವ ಕುದುರೆಯ ಮೇಲೆ ಹಣ ಕಟ್ಟಬೇಕೆಂಬುದನ್ನು ಹೇಗೆ ತೀರ್ಮಾನಿಸುವುದೆಂದು ನೀನು ಕೇಳಿರುವೆ. ನಿನ್ನ ಅಜ್ಜ ಹಿಂದಿನ ರಾತ್ರಿಯೇ ರೇಸ್ ಕಾರ್ಡನ್ನು, ಅಂದರೆ ಅಂದಿನ ರೇಸುಗಳ ಮತ್ತು ಕುದುರೆಗಳ ಪಟ್ಟಿಯನ್ನು, ಮೇಜಿನ ಮೇಲೆ ಹರಡಿಕೊಂಡು ಕೂರುತ್ತಿದ್ದರು. ಪಕ್ಕದಲ್ಲಿ ಕೂತು ನೋಡಿಯೇ ನಾನು ಇದನ್ನೆಲ್ಲ ಕಲಿತೆ. ಅವರು ಕುದುರೆಗಳನ್ನು ಗುರುತು ಹಾಕುವುದಕ್ಕೆ ಮೊದಲು ರೇಸುಗಳನ್ನೇ ಹೊಡೆದುಹಾಕುತ್ತಿದ್ದರು. ಹಿಂದೆಂದೂ ಓಡದ ಎರಡು ವರ್ಷದ ಮರಿಗಳ ರೇಸಿಗೆ ಅಡ್ಡಗೆರೆ. ಹದಿನೆಂಟು ಕುದುರೆಗಳು ಒಂದಕ್ಕೊಂದು ಅಂಟಿಕೊಂಡು ಓಡುವ ಹ್ಯಾಂಡಿಕ್ಯಾಪ್ (ಬಲವಾದ ಕುದುರೆಗೆ ಹೆಚ್ಚು ತೂಕ ಹೊರಿಸಿ ಎಲ್ಲವನ್ನೂ ಸರಿಸಮ ಮಾಡುವ) ರೇಸಿಗೂ ಅಡ್ಡಗೆರೆ. ಎಂಟು ರೇಸುಗಳಲ್ಲಿ ಎರಡೋ ಮೂರೋ ಉಳಿದರೆ ಅಂದಿನ ಕೆಲಸ ಅಷ್ಟೇ. ನೀನೂ ಅಲ್ಲಿಂದಲೇ ಆರಂಭಿಸು.

ಉಳಿದ ರೇಸುಗಳಲ್ಲಿ ಪ್ರತಿ ಕುದುರೆಯ ಹೆಸರಿನ ಬಳಿ ಅದರ ಹಿಂದಿನ ಓಟಗಳ ಸ್ಥಾನಗಳು ಅಂಕಿಗಳಲ್ಲಿ ಇರುತ್ತವೆ. ಆ ಅಂಕಿಗಳನ್ನಷ್ಟೇ ಓದಿ ನಿಲ್ಲಬೇಡ. ಮ್ಯಾನ್ ಓ ವಾರ್ ಎಂಬ ಅಮೆರಿಕದ ಕುದುರೆ ತನ್ನ 21 ಓಟಗಳಲ್ಲಿ ಸೋತದ್ದು ಒಂದನ್ನೇ, 1919ರಲ್ಲಿ, ಅಪ್‌ಸೆಟ್ ಎಂಬ ಕುದುರೆಯ ಎದುರು. ಕಾರ್ಡಿನಲ್ಲಿ ಅದು ಬರಿಯ 2 ಎಂದಷ್ಟೇ ಕಾಣುತ್ತದೆ. ಆದರೆ ಅಂದು ಅದು ಸವಾರನೂ ಸೇರಿ ಸುಮಾರು 59 ಕಿಲೋ ಹೊತ್ತಿತ್ತು, ಅಪ್‌ಸೆಟ್ ಹೊತ್ತದ್ದು ಸುಮಾರು 52 ಕಿಲೋ. ಅದರ ಮೇಲೆ ಆರಂಭದಲ್ಲೇ ಹಿಂದೆ ಬಿದ್ದು, ಬಳಿಕ ಇತರ ಕುದುರೆಗಳ ನಡುವೆ ಸಿಕ್ಕಿಕೊಂಡು, ಕೊನೆಗೆ ಅರ್ಧ ಲೆಂಗ್ತ್‌ನಷ್ಟರಲ್ಲಿ, ಅಂದರೆ ಕುದುರೆಯ ಅರ್ಧ ಉದ್ದದಷ್ಟರಲ್ಲಿ, ಸೋತಿತು. ಆ 2ರ ಹಿಂದಿನ ಕಥೆ ತಿಳಿದವನು ಮುಂದಿನ ಓಟದಲ್ಲಿ ಅದನ್ನು ಬಿಡುತ್ತಿರಲಿಲ್ಲ. ಆದ್ದರಿಂದ ಪ್ರತಿ ಅಂಕಿಯ ಬಳಿ ನಿಂತು ಕೇಳಿಕೊ: ಅಂದಿನ ದೂರವೆಷ್ಟು, ನೆಲ ಒಣಗಿತ್ತೋ ಮಳೆಗೆ ಮೆತ್ತಗಾಗಿತ್ತೋ, ಎದುರಾಳಿಗಳು ಯಾವ ದರ್ಜೆಯವರು, ಹೊತ್ತ ತೂಕವೆಷ್ಟು? ಆರು ಫರ್ಲಾಂಗಿನಲ್ಲಿ ಮಿಂಚಿದ ಕುದುರೆ ಹನ್ನೆರಡು ಫರ್ಲಾಂಗಿನಲ್ಲಿ ಉಸಿರು ಕಳೆದುಕೊಳ್ಳಬಹುದು. ಗಟ್ಟಿ ನೆಲದಲ್ಲಿ ಹಾರಿದ ಕುದುರೆ ಕೆಸರಿನಲ್ಲಿ ಕಾಲೆಳೆಯಬಹುದು. ನೆಲದ ಸ್ಥಿತಿಯನ್ನು ಅಂದಿನ ಬೆಳಿಗ್ಗೆ ಮತ್ತೊಮ್ಮೆ ವಿಚಾರಿಸು, ಏಕೆಂದರೆ ರಾತ್ರಿಯ ಒಂದು ಮಳೆ ನಿನ್ನ ಇಡೀ ಲೆಕ್ಕವನ್ನು ಬುಡಮೇಲು ಮಾಡುತ್ತದೆ.

ಜಾಕಿ ಮತ್ತು ಟ್ರೇನರ್‌ಗಳ ಹೆಸರಿಗೆ ಜನ ಕೊಡುವಷ್ಟು ಮಹತ್ವವನ್ನು ನಾನು ಕೊಡುವುದಿಲ್ಲ. ದೊಡ್ಡ ಹೆಸರಿದ್ದಲ್ಲಿ, ಗೆದ್ದರೆ ಸಿಗುವ ದರವೂ ಮೊದಲೇ ಇಳಿದಿರುತ್ತದೆ.

ರೇಸಿಗೆ ಮುನ್ನ ಕುದುರೆಗಳನ್ನು ನಡೆಸಿ ತೋರಿಸುವ ಅಂಗಳಕ್ಕೆ, ಅಂದರೆ ಪ್ಯಾಡಾಕ್‌ಗೆ ತಪ್ಪದೆ ಹೋಗು. ಒಮ್ಮೆ ನಾನು ಕಾಗದದ ಮೇಲೆ ಬಹಳ ಯೋಚಿಸಿ ಒಂದು ಕಂದು ಕುದುರೆಯನ್ನು ಆರಿಸಿದ್ದೆ. ಪ್ಯಾಡಾಕ್‌ನಲ್ಲಿ ಅದರ ಕುತ್ತಿಗೆ ಬೆವರಿನಿಂದ ಕಪ್ಪಾಗಿತ್ತು, ಹಿಂಗಾಲುಗಳ ಸಂದಿನಲ್ಲಿ ಸೋಪಿನ ನೊರೆಯಂತಹ ಬಿಳಿ ನೊರೆ ಕಟ್ಟಿತ್ತು, ಕಿವಿಗಳನ್ನು ಹಿಂದಕ್ಕೆ ಮಡಚಿ ತಲೆ ಕೊಡವುತ್ತಿದ್ದ ಅದನ್ನು ಇಬ್ಬರು ಹಿಡಿದುಕೊಂಡಿದ್ದರು. ಪಕ್ಕದಲ್ಲಿ ಇನ್ನೊಂದು, ಹೊಳೆಯುವ ಮೈಯನ್ನು ಸಡಿಲ ಬಿಟ್ಟು, ಹಿಂಗಾಲನ್ನು ಮುಂಗಾಲಿನ ಹೆಜ್ಜೆಗುರುತಿಗಿಂತ ಮುಂದಕ್ಕೆ ಇಡುತ್ತ, ಕಿವಿ ನಿಮಿರಿಸಿ ನಡೆಯುತ್ತಿತ್ತು. ಕಣ್ಣಿಗೆ ಕಂಡದ್ದನ್ನು ನಂಬದೆ ನಾನು ಕಾಗದವನ್ನೇ ನಂಬಿದೆ. ನನ್ನ ಕುದುರೆ ಓಟ ಆರಂಭವಾಗುವ ಮೊದಲೇ ತನ್ನ ಶಕ್ತಿಯನ್ನು ಸುರಿದುಬಿಟ್ಟಿತ್ತು, ಕೊನೆಯದಾಗಿ ಬಂತು. ಸೆಖೆಯ ದಿನ ಎಲ್ಲ ಕುದುರೆಗಳೂ ಸ್ವಲ್ಪ ಬೆವರುತ್ತವೆ. ಒಂದೇ ಕುದುರೆ ತೊಯ್ದು ನಿಂತಿದ್ದರೆ ಮಾತ್ರ ಎಚ್ಚರಗೊಳ್ಳು.

ಇನ್ನು ದರದ ವಿಷಯ. ಗೆಲ್ಲುವ ಕುದುರೆಯನ್ನು ಹುಡುಕುವುದೇ ಕೆಲಸವೆಂದು ಎಲ್ಲರೂ ತಿಳಿಯುತ್ತಾರೆ, ನಾನೂ ಎಷ್ಟೋ ವರ್ಷ ಹಾಗೆಯೇ ತಿಳಿದಿದ್ದೆ. ಆರು ಕುದುರೆಗಳ ಒಂದು ರೇಸಿನಲ್ಲಿ ಒಂದಕ್ಕೆ ಎರಡು, ಎರಡೂವರೆ, ನಾಲ್ಕು, ಆರು, ಎಂಟು, ಹನ್ನೆರಡು ಎಂದು ದರಗಳಿವೆಯೆಂದುಕೊ. ಒಂದಕ್ಕೆ ಎರಡು ಎಂದರೆ ಕಟ್ಟಿದ ಒಂದು ರೂಪಾಯಿಗೆ ಗೆದ್ದಾಗ ಎರಡು ರೂಪಾಯಿ ಲಾಭ. ಆ ದರದ ಲೆಕ್ಕದಲ್ಲಿ ಮೂರರಲ್ಲಿ ಒಂದು ಬಾರಿ, ಅಂದರೆ ಶೇಕಡಾ 33ರಷ್ಟು ಗೆಲುವಿನ ಸಾಧ್ಯತೆ. ಒಂದಕ್ಕೆ ನಾಲ್ಕು ಎಂದರೆ ಶೇಕಡಾ 20. ಹೀಗೆ ಆರನ್ನೂ ಕೂಡಿಸಿದರೆ 100ರ ಬದಲು 115 ಬರುತ್ತದೆ, ಮತ್ತು ಆ ಹೆಚ್ಚುವರಿ 15 ಬುಕ್ಕಿಯ ಪಾಲು. ಫೇವರಿಟ್ ಕುದುರೆಗಳು, ಅಂದರೆ ಆ ರೇಸಿನಲ್ಲಿ ಅತಿ ಕಡಿಮೆ ದರದವು, ಸುಮಾರು ಮೂರು ರೇಸುಗಳಿಗೆ ಒಂದನ್ನು ಗೆಲ್ಲುತ್ತವಾದರೂ, ಕಣ್ಣುಮುಚ್ಚಿ ಅವುಗಳ ಮೇಲೆಯೇ ಕಟ್ಟುವವರ ಜೇಬು ಬರಿದಾಗುವುದು ಇದರಿಂದಲೇ. ದರ ನೋಡುವ ಮುನ್ನವೇ ಪ್ರತಿ ಕುದುರೆಗೂ ನಿನ್ನದೇ ಅಂದಾಜನ್ನು ಬರೆದಿಡು. ನಾಲ್ಕರಲ್ಲೊಂದು ಬಾರಿ ಗೆಲ್ಲಬಹುದೆಂದು ನಿನಗೆ ಅನ್ನಿಸಿದ ಕುದುರೆಗೆ ಒಂದಕ್ಕೆ ಐದು ಸಿಕ್ಕರೆ ಕಟ್ಟು. ಒಂದಕ್ಕೆ ಎರಡು ಮಾತ್ರ ಸಿಕ್ಕರೆ, ಅದು ಎಷ್ಟೇ ಇಷ್ಟವಾಗಿದ್ದರೂ, ಸುಮ್ಮನೆ ನಿಂತು ಓಟ ನೋಡು.

ಹೋದರೂ ಚಿಂತೆಯಿಲ್ಲವೆನಿಸುವ ಮೊತ್ತವನ್ನು ಮಾತ್ರ ಒಯ್ಯು, ಅದನ್ನು ಸಮಪಾಲು ಮಾಡಿಕೊ. ಕಳೆದದ್ದನ್ನು ಮರಳಿ ಪಡೆಯಲೆಂದು ಕೊನೆಯ ರೇಸಿನಲ್ಲಿ ಮೊತ್ತ ಹೆಚ್ಚಿಸುವವರನ್ನು ನೀನು ಅಲ್ಲಿ ಕಾಣುವೆ. ದಯವಿಟ್ಟು ಅವರ ಜೊತೆ ಸೇರಬೇಡ.

ಕಾರ್ಡು ಕೈಸೇರಿದ ಕೂಡಲೇ ನನಗೂ ಒಂದು ಪ್ರತಿ ಕಳುಹಿಸು. ಶುಕ್ರವಾರ ರಾತ್ರಿ ನೀನು ಅಲ್ಲಿ, ನಾನು ಇಲ್ಲಿ, ಒಬ್ಬರಿಗೊಬ್ಬರು ಹೇಳದೆ ಅಡ್ಡಗೆರೆ ಎಳೆಯೋಣ. ಯಾವ ರೇಸುಗಳನ್ನು ಉಳಿಸಿಕೊಂಡೆವೆಂದು ಆಮೇಲೆ ಹೋಲಿಸಿ ನೋಡೋಣ.

ನಿನ್ನ ಅಮ್ಮ