ಮಗಳಿಗೊಂದು ಪತ್ರ: ಏಸಾವನ ಮುಖ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದೆಯಲ್ಲ, "ಅಮ್ಮಾ, ದೇವರು ಯಾರ್‍ಯಾರನ್ನು ಆರಿಸಿಕೊಳ್ಳಬೇಕೆಂದು ಮೊದಲೇ ನಿಶ್ಚಯಿಸಿದ್ದರೆ, ನನ್ನ ಗೆಳತಿಗಾಗಿ ನಾನು ಪ್ರಾರ್ಥಿಸಿ ಏನು ಬಂತು?" ಆಗ ನನ್ನ ಬಾಯಿ ಕಟ್ಟಿತು. ಬೆಳಗ್ಗೆ ಅಜ್ಜಿಯ ಬೈಬಲ್ ತೆಗೆದೆ.

ರೋಮಾಪುರದವರಿಗೆ ಬರೆದ ಪತ್ರಿಕೆ, 9ನೇ ಅಧ್ಯಾಯ. ಯಾಕೋಬನನ್ನು ಪ್ರೀತಿಸಿದೆ, ಏಸಾವನನ್ನು ದ್ವೇಷಿಸಿದೆ ಎಂದು ದೇವರು ಹೇಳುವ ವಚನದ ಪಕ್ಕ ಪೆನ್ಸಿಲಿನಲ್ಲಿ ಅಜ್ಜಿಯ ಅಕ್ಷರ: "ಆದಿಕಾಂಡ 33 ನೋಡು." ನೋಡಿದೆ. ಮೋಸದಿಂದ ಅಣ್ಣನ ಆಶೀರ್ವಾದ ಕಸಿದುಕೊಂಡು ಇಪ್ಪತ್ತು ವರ್ಷ ದೂರವಿದ್ದ ತಮ್ಮ ಯಾಕೋಬ ಕುಂಟುತ್ತಾ ಬರುತ್ತಿದ್ದಾನೆ. ಏಸಾವ ಓಡಿ ಹೋಗಿ, ಅಪ್ಪಿಕೊಂಡು, ಮುದ್ದಿಟ್ಟು ಅಳುತ್ತಾನೆ. ನಿನ್ನ ಮುಖ ನೋಡಿದ್ದು ದೇವರ ಮುಖ ನೋಡಿದ ಹಾಗಾಯಿತು ಅನ್ನುತ್ತಾನೆ ಯಾಕೋಬ. ಆಯ್ಕೆಯಾದವನಿಗೆ ದೇವರ ಮುಖ ಕಂಡದ್ದು ಆಯ್ಕೆಯಾಗದವನಲ್ಲಿ!

ಈ ಪತ್ರಿಕೆ ಬರೆದ ಪೌಲ ಆ ವಚನ ತೆಗೆದುಕೊಂಡದ್ದು ಮಲಾಕಿಯ ಪುಸ್ತಕದಿಂದ. ಅಲ್ಲಿ ಅದು ಆ ಅಣ್ಣತಮ್ಮಂದಿರಿಂದ ಹುಟ್ಟಿದ ಎರಡು ಜನಾಂಗಗಳ ಮಾತು. ಅವನು 9ಕ್ಕೇ ನಿಲ್ಲಿಸಲೂ ಇಲ್ಲ. 11ಕ್ಕೆ ಬರುವಷ್ಟರಲ್ಲಿ, ದೇವರು ಎಲ್ಲರಿಗೂ ಕರುಣೆ ತೋರಿಸಬೇಕೆಂದಿದ್ದಾನೆ ಅನ್ನುತ್ತಾನೆ.

ಇದರ ಮೇಲೆ ಸಭೆಗಳು ಒಡೆದಿವೆ. ಅರ್ಮೀನಿಯಸ್ ಎಂಬ ಡಚ್ ಬೋಧಕ ತೀರಿಕೊಂಡ ಮರುವರ್ಷ, 1610ರಲ್ಲಿ, ಅವನ ಶಿಷ್ಯರು ಐದು ಅಂಶ ಬರೆದುಕೊಟ್ಟರು: ಕ್ರಿಸ್ತ ಸತ್ತದ್ದು ಎಲ್ಲರಿಗಾಗಿ, ಕೃಪೆಯನ್ನು ಮನುಷ್ಯ ಒಲ್ಲೆ ಎನ್ನಲೂಬಹುದು ಎಂಬಂಥವು. 1618–19ರಲ್ಲಿ ಹಾಲೆಂಡಿನ ಡಾರ್ಟ್ ಊರಿನಲ್ಲಿ ಕೂಡಿದ ಸಭೆ ಅವನ್ನು ತಳ್ಳಿಹಾಕಿತು. ದೇವರು ಮೊದಲೇ ಆರಿಸಿಕೊಂಡಿದ್ದಾನೆ ಎಂದು ಕಲಿಸಿದ ಕ್ಯಾಲ್ವಿನನ ಹಾದಿಯವರು ಹಿಡಿದದ್ದು ಸಣ್ಣ ಮಾತೇನಲ್ಲ: ರಕ್ಷಣೆ ನನ್ನ ಗಳಿಕೆಯಲ್ಲ, ಕೃಪೆ. ಅದನ್ನು ನಾನೂ ಬಿಡಲಾರೆ. ಮುಂದೆ ಇಂಗ್ಲೆಂಡಿನ ಬೋಧಕರಾದ, ಅರ್ಮೀನಿಯಸ್ ಕಡೆಯ ವೆಸ್ಲಿಗೂ ಕ್ಯಾಲ್ವಿನನ ಕಡೆಯ ವೈಟ್‌ಫೀಲ್ಡ್‌ಗೂ ಇದೇ ವಿಷಯಕ್ಕೆ ಮನಸ್ಸು ಮುರಿಯಿತು. ಆದರೂ 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ ಲಂಡನ್ನಿನಲ್ಲಿ ಅವರ ಸ್ಮರಣೆಯ ಪ್ರಸಂಗ ಮಾಡಿದ್ದು ವೆಸ್ಲಿಯೇ. ನಮ್ಮ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ, 1947ರಲ್ಲಿ ಹುಟ್ಟಿದಾಗ ವೆಸ್ಲಿಯ ಕಡೆಯವರೂ ಕ್ಯಾಲ್ವಿನನ ಕಡೆಯವರೂ ಒಂದೇ ಬೆಂಚಿನಲ್ಲಿ ಕೂತರು.

ದೇವರ ಆಯ್ಕೆಯನ್ನು ಹಣೆಬರಹ ಅಂದುಕೊಳ್ಳಬೇಡ ಮಗಾ. ಹಣೆಬರಹದ ಮುಂದೆ ಮನುಷ್ಯ ಕೈಕಟ್ಟಿ ಕೂರುತ್ತಾನೆ. ಪೌಲ ಫಿಲಿಪ್ಪಿಯವರಿಗೆ, ಭಯದಿಂದ ನಡುಗುತ್ತಾ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿರಿ ಅನ್ನುತ್ತಾನೆ. ಅದೇ ಉಸಿರಿನಲ್ಲಿ, ನಿಮ್ಮೊಳಗೆ ಇಚ್ಛೆಯನ್ನೂ ಕ್ರಿಯೆಯನ್ನೂ ಹುಟ್ಟಿಸುವವನು ದೇವರೇ ಎಂದೂ ಅನ್ನುತ್ತಾನೆ. ಗೆಳತಿಗಾಗಿ ನಿನ್ನ ಒಡಲು ಉರಿಯುತ್ತಿದೆಯಲ್ಲ, ಆ ಉರಿಯನ್ನು ಹಚ್ಚಿದ್ದು ಯಾರು ಅಂದುಕೊಂಡೆ?

ಅಜ್ಜಿಯ ಬೈಬಲನ್ನು ತಮ್ಮನ ಕೈಲಿ ಕಳಿಸುತ್ತಿದ್ದೇನೆ. ಬೈಂಡಿಂಗ್ ಬಿಟ್ಟಿದೆ, ಮೆಲ್ಲಗೆ ತೆರೆ. ಆ ಹುಡುಗಿಯ ಹೆಸರು ನನಗೂ ಹೇಳು, ಸಂಜೆಯ ಪ್ರಾರ್ಥನೆಯಲ್ಲಿ ಸೇರಿಸಿಕೊಳ್ಳುತ್ತೇನೆ.

ನಿನ್ನ ಅಮ್ಮ