ಮಿಶಿಗನ್ ಸರೋವರದ ದೀಪಸ್ತಂಭಗಳನ್ನು ಒಳಹೊಕ್ಕು ನೋಡಬೇಕು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿ ಬಂದವರು ಬರೆಯುವ ಪ್ರವಾಸ ಲೇಖನಗಳಲ್ಲಿ ಮಿಶಿಗನ್ ಸರೋವರದ ದೀಪಸ್ತಂಭಗಳು ಆಗಾಗ ಕಾಣಿಸಿಕೊಳ್ಳುತ್ತವೆ. ಆದರೆ ಅವು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಚಿತ್ರಗಳಾಗಿ ಮಾತ್ರ. ನೀಲಿ ನೀರಿನ ಅಂಚಿನಲ್ಲಿ ಒಂದು ಕೆಂಪು ಗೋಪುರ, ಅದರ ಮುಂದೆ ಲೇಖಕರ ಕುಟುಂಬ, ಕೆಳಗೆ ಒಂದು ಸಾಲಿನ ವಿವರಣೆ; ಅಷ್ಟಕ್ಕೆ ಮಾತು ಮುಗಿಯುತ್ತದೆ. ಆ ಗೋಪುರ ಅಲ್ಲಿಯೇ ಏಕೆ ನಿಂತಿದೆ, ಅದಕ್ಕೆ ಕೆಂಪು ಬಣ್ಣವೇ ಏಕೆ, ಒಳಗೆ ಏನಿದೆ, ಈಗ ಅದನ್ನು ನೋಡಿಕೊಳ್ಳುತ್ತಿರುವವರು ಯಾರು ಎಂಬುದನ್ನು ತಿಳಿಯಬಯಸುವ ಓದುಗನಿಗೆ ಇಂಥ ಲೇಖನಗಳಲ್ಲಿ ಹೆಚ್ಚೇನೂ ಸಿಗುವುದಿಲ್ಲ. ದೀಪಸ್ತಂಭವನ್ನು ರಸ್ತೆಬದಿಯಿಂದ ನೋಡಿ ಮುಂದೆ ಸಾಗುವುದು ಅದನ್ನು ನೋಡಿದಂತೆಯೇ ಅಲ್ಲ. ಟಿಕೆಟ್ ಕೊಂಡು ಒಳಹೊಕ್ಕು, ಸುರುಳಿ ಮೆಟ್ಟಿಲು ಹತ್ತಿ, ದೀಪದ ಕೋಣೆಯವರೆಗೆ ಹೋಗಿ ಬರಬೇಕು. ಹಾಗೆ ಬರುವವರ ಹಣವೂ ಆಸಕ್ತಿಯೂ ಇಲ್ಲದಿದ್ದರೆ ಈ ಕಟ್ಟಡಗಳಲ್ಲಿ ಹಲವು ಇಂದು ಉಳಿದಿರುತ್ತಿರಲಿಲ್ಲ ಎಂಬುದನ್ನು ತಮ್ಮ ಓದುಗರ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ.

‘ಸರೋವರ’ ಎಂದೊಡನೆ ನಾವು ಶಾಂತವಾದ ನೀರನ್ನು ಕಲ್ಪಿಸಿಕೊಳ್ಳುತ್ತೇವೆ. ಅಲ್ಲಿ ದೀಪಸ್ತಂಭಕ್ಕೇನು ಕೆಲಸ ಎಂದು ಕೇಳುವವರೂ ಇದ್ದಾರೆ. ಮಿಶಿಗನ್ ಸರೋವರದ ವಿಸ್ತೀರ್ಣ ಸುಮಾರು 58,000 ಚದರ ಕಿಲೋಮೀಟರ್, ಉದ್ದ 490 ಕಿಲೋಮೀಟರಿಗೂ ಹೆಚ್ಚು, ಅತಿ ಆಳವಾದ ಕಡೆ 281 ಮೀಟರ್. ಒಂದು ದಂಡೆಯಲ್ಲಿ ನಿಂತವರಿಗೆ ಎದುರು ದಂಡೆ ಕಾಣುವುದಿಲ್ಲ. ಇಲ್ಲಿಯ ಅಲೆಗಳು ಸಾಗರದ ಅಲೆಗಳಂತೆ ನಿಧಾನವಾಗಿ ಉರುಳಿ ಬರುವುದಿಲ್ಲ. ಒಂದರ ಬೆನ್ನಿಗೆ ಇನ್ನೊಂದು ಎಂಬಂತೆ, ಗಿಡ್ಡವಾಗಿ ಕಡಿದಾಗಿ ಬಂದು ಬಡಿಯುತ್ತವೆ. ಬಿರುಗಾಳಿಗೆ ಸಿಕ್ಕಿದ ನೌಕೆಗೆ ಗಾಳಿಯ ದಿಕ್ಕಿನಲ್ಲಿ ದೂರ ಓಡಿ ಪಾರಾಗುವಷ್ಟು ಬಯಲೂ ಇರುವುದಿಲ್ಲ; ಸ್ವಲ್ಪ ಹೊತ್ತಿನಲ್ಲೇ ದಂಡೆ ಎದುರಾಗುತ್ತದೆ. ಹಾಯಿಹಡಗುಗಳ ಕಾಲದಲ್ಲಿ ದಂಡೆ ಹತ್ತಿರವಿರುವುದೇ ಅಪಾಯವಾಗಿತ್ತು.

1825ರಲ್ಲಿ ಹಡ್ಸನ್ ನದಿಯನ್ನು ಈರಿ ಸರೋವರಕ್ಕೆ ಜೋಡಿಸುವ ಈರಿ ಕಾಲುವೆ ತೆರೆದ ಮೇಲೆ ಪೂರ್ವದ ರಾಜ್ಯಗಳಿಂದ ವಲಸೆಗಾರರೂ ಸರಕೂ ಮಿಶಿಗನ್, ಈರಿ, ಸುಪೀರಿಯರ್ ಮೊದಲಾದ ಐದು ಮಹಾಸರೋವರಗಳ ಮಾರ್ಗವಾಗಿ ಪಶ್ಚಿಮದತ್ತ ಹರಿದು ಬರಲಾರಂಭಿಸಿದರು. ಮಿಶಿಗನ್ ಮತ್ತು ವಿಸ್ಕಾನ್ಸಿನ್ ಕಾಡುಗಳ ಮರ, ಬಯಲುಸೀಮೆಯ ಗೋಧಿ, ಗಣಿಗಳ ಅದಿರು ಎಲ್ಲವೂ ಸಾಗಬೇಕಾದದ್ದು ನೀರಿನ ಮೇಲೆಯೇ. ಸಂಚಾರ ಹೆಚ್ಚಿದಂತೆ ಅವಘಡಗಳೂ ಹೆಚ್ಚಿದವು. 1860ರ ಸೆಪ್ಟೆಂಬರ್ 8ರ ನಸುಕಿನಲ್ಲಿ ‘ಲೇಡಿ ಎಲ್ಗಿನ್’ ಎಂಬ ಪ್ರಯಾಣಿಕರ ಹಬೆ ಹಡಗಿಗೆ ‘ಆಗಸ್ಟಾ’ ಎಂಬ ಹಾಯಿಹಡಗು ಡಿಕ್ಕಿ ಹೊಡೆದು, ಸುಮಾರು ಮುನ್ನೂರು ಜನ ನೀರುಪಾಲಾದರು. ಶಿಕಾಗೊದ ಉತ್ತರಕ್ಕಿರುವ ಎವನ್‌ಸ್ಟನ್ ಪಟ್ಟಣದ ದಂಡೆಗೆ ದೀಪಸ್ತಂಭ ಬೇಕೆಂಬ ಒತ್ತಾಯಕ್ಕೆ ಬಲ ಬಂದದ್ದು ಈ ದುರಂತದ ಬಳಿಕ. 1873ರಲ್ಲಿ ಕಟ್ಟಿದ ಗ್ರೋಸ್ ಪಾಯಿಂಟ್ ದೀಪಸ್ತಂಭ ಅದರ ಫಲ. ಶಿಕಾಗೊ ನೋಡಲು ಹೋಗುವ ನಮ್ಮವರಿಗೆ ಇದು ತೀರಾ ಹತ್ತಿರ. ಆದರೂ ಗಗನಚುಂಬಿ ಕಟ್ಟಡಗಳ ಮೇಲೇರಲು ಸಾಲಿನಲ್ಲಿ ನಿಲ್ಲುವ ಎಷ್ಟೋ ಮಂದಿ ಇತ್ತ ತಲೆ ಹಾಕುವುದಿಲ್ಲ.

ಗ್ರೋಸ್ ಪಾಯಿಂಟಿನ ಗೋಪುರದ ತುದಿಯಲ್ಲಿರುವ ಎರಡನೆಯ ದರ್ಜೆಯ ಫ್ರೆನೆಲ್ ಮಸೂರವೊಂದೇ ಈ ಭೇಟಿಗೆ ಸಾಕಷ್ಟು ಕಾರಣ. ಆಗುಸ್ಟಿನ್ ಫ್ರೆನೆಲ್ ಎಂಬ ಫ್ರೆಂಚ್ ಭೌತವಿಜ್ಞಾನಿ 1820ರ ದಶಕದಲ್ಲಿ ರೂಪಿಸಿದ ಈ ವ್ಯವಸ್ಥೆಯಲ್ಲಿ, ಒಂದೇ ದಪ್ಪ ಗಾಜಿನ ಮಸೂರಕ್ಕೆ ಬದಲಾಗಿ ಹಲವಾರು ಪಟ್ಟಕಗಳನ್ನು ಉಂಗುರ ಉಂಗುರವಾಗಿ ಜೋಡಿಸಲಾಗುತ್ತದೆ. ಮೇಲಕ್ಕೂ ಕೆಳಕ್ಕೂ ಚದುರಿ ವ್ಯರ್ಥವಾಗುತ್ತಿದ್ದ ಬೆಳಕನ್ನು ಈ ಪಟ್ಟಕಗಳು ಬಾಗಿಸಿ, ಪ್ರತಿಫಲಿಸಿ, ದಿಗಂತದ ಕಡೆಗೆ ಒಂದೇ ಪಟ್ಟಿಯಾಗಿ ಕಳುಹಿಸುತ್ತವೆ. ಆದ್ದರಿಂದ ಒಂದು ಎಣ್ಣೆ ದೀಪದ ಜ್ವಾಲೆಯೂ ಹತ್ತಾರು ಕಿಲೋಮೀಟರ್ ದೂರದ ನಾವಿಕನಿಗೆ ಕಾಣುವಂತಾಯಿತು. ಗಾತ್ರಕ್ಕೆ ಅನುಗುಣವಾಗಿ ಈ ಮಸೂರಗಳನ್ನು ದರ್ಜೆಗಳಾಗಿ ವಿಂಗಡಿಸಿದ್ದರು. ಒಂದನೆಯದು ಎಲ್ಲಕ್ಕಿಂತ ದೊಡ್ಡದು, ಆರನೆಯದು ಚಿಕ್ಕ ಬಂದರುಗಳಿಗೆ ತಕ್ಕದ್ದು. ಪಾಠದ ಪುಸ್ತಕದಲ್ಲಿ ವಕ್ರೀಭವನವನ್ನು ಬಾಯಿಪಾಠ ಮಾಡಿದ ಮಕ್ಕಳನ್ನು ಇಂಥದೊಂದು ಗಾಜಿನ ಗೂಡಿನ ಪಕ್ಕ ನಿಲ್ಲಿಸಿದರೆ, ಆ ಪಾಠದಿಂದ ಯಾರಿಗೆ ಏನು ಪ್ರಯೋಜನವಾಯಿತು ಎಂಬುದನ್ನು ಬೇರೆ ವಿವರಿಸಬೇಕಾಗುವುದಿಲ್ಲ. ಯಂತ್ರಗಳು ಬದಲಾದಂತೆ ಹಲವು ಗೋಪುರಗಳಿಂದ ಈ ಮಸೂರಗಳನ್ನು ಇಳಿಸಿ ವಸ್ತುಸಂಗ್ರಹಾಲಯಗಳಿಗೆ ಸಾಗಿಸಲಾಗಿದೆ. ತನ್ನ ಗೋಪುರದಲ್ಲೇ ಉಳಿದಿರುವ ಮಸೂರವನ್ನು ನೋಡುವ ಅವಕಾಶವನ್ನು ಕಳೆದುಕೊಳ್ಳಬಾರದು.

ಗಾಜು, ಇಟ್ಟಿಗೆಗಳಿಗಿಂತ ಹೆಚ್ಚಾಗಿ ನನ್ನನ್ನು ಸೆಳೆಯುವುದು ಈ ದೀಪಗಳನ್ನು ಉರಿಸಿದವರ ಬದುಕು. ಇಂಡಿಯಾನಾ ರಾಜ್ಯದ ಮಿಶಿಗನ್ ಸಿಟಿಯಲ್ಲಿ 1858ರ ಹಳೆಯ ದೀಪಗೃಹವೊಂದಿದ್ದು, ಅದು ಈಗ ವಸ್ತುಸಂಗ್ರಹಾಲಯವಾಗಿದೆ. ಇಲ್ಲಿ ಹ್ಯಾರಿಯೆಟ್ ಕೋಲ್‌ಫ್ಯಾಕ್ಸ್ ಎಂಬ ಮಹಿಳೆ 1861ರಿಂದ 1904ರವರೆಗೆ ದೀಪಪಾಲಕಿಯಾಗಿದ್ದರು. ನಿವೃತ್ತರಾದಾಗ ಅವರ ವಯಸ್ಸು ಎಂಬತ್ತು. ಮನೆಯ ಮೇಲಿನ ದೀಪವೊಂದನ್ನೇ ನೋಡಿಕೊಂಡಿದ್ದರೆ ಕೆಲಸ ಇಷ್ಟು ಕಠಿಣವಾಗುತ್ತಿರಲಿಲ್ಲವೇನೋ. ಕೆಲವು ವರ್ಷಗಳ ಕಾಲ, ಬಂದರಿನಿಂದ ಸರೋವರದೊಳಕ್ಕೆ ಚಾಚಿದ್ದ ಪಿಯರ್ ಕಟ್ಟೆಯ ತುದಿಯಲ್ಲಿದ್ದ ಇನ್ನೊಂದು ದೀಪವನ್ನೂ ಅವರೇ ಹೊತ್ತಿಸಬೇಕಾಗಿತ್ತು. ಆಗ ಉರಿಸುತ್ತಿದ್ದದ್ದು ಹಂದಿಯ ಕೊಬ್ಬಿನ ಎಣ್ಣೆ. ಚಳಿಗೆ ಅದು ಹೆಪ್ಪುಗಟ್ಟುತ್ತದೆ. ಒಲೆಯ ಮೇಲೆ ಕಾಯಿಸಿ ತೆಗೆದುಕೊಂಡ ಎಣ್ಣೆ ಆರುವುದರೊಳಗೆ, ಅಲೆಗಳು ನೆಗೆದು ಬೀಳುತ್ತಿದ್ದ ಕಟ್ಟೆಯುದ್ದಕ್ಕೂ ನಡೆದು ಅದನ್ನು ದೀಪಕ್ಕೆ ಸುರಿಯಬೇಕಾಗಿತ್ತು. ಅವರು ದಿನವೂ ಬರೆದಿಟ್ಟ ದಾಖಲೆಗಳಿಂದ ಇದೆಲ್ಲ ನಮಗೆ ತಿಳಿದುಬಂದಿದೆ. ಅವರು ಮುಂದೆ ಅಮೆರಿಕದ ಉಪಾಧ್ಯಕ್ಷರಾದ ಸ್ಕೈಲರ್ ಕೋಲ್‌ಫ್ಯಾಕ್ಸರ ಸಂಬಂಧಿಯಾದ್ದರಿಂದ ಕೆಲಸ ಸಿಕ್ಕಿತೆಂದು ಹೇಳುವವರಿದ್ದಾರೆ. ಸಿಕ್ಕಿರಬಹುದು, ಆದರೆ ನಲವತ್ತಮೂರು ವರ್ಷ ಆ ಕೆಲಸವನ್ನು ಮಾಡಿಸಿದ್ದು ನೆಂಟಸ್ತನವಲ್ಲ.

ಇನ್ನು ಆ ಕೆಂಪು ಬಣ್ಣದ ವಿಷಯ. ಸರೋವರದ ಪೂರ್ವ ದಂಡೆಯಲ್ಲಿ ಸೌತ್ ಹೇವನ್, ಹಾಲೆಂಡ್, ಗ್ರ್ಯಾಂಡ್ ಹೇವನ್ ಊರುಗಳ ಕೆಂಪು ದೀಪಸ್ತಂಭಗಳೇ ಪ್ರವಾಸಿಗರ ಚಿತ್ರಗಳಲ್ಲಿ ಅತಿ ಹೆಚ್ಚು ಕಾಣುವವು. ಈ ಬಣ್ಣ ಅಲಂಕಾರಕ್ಕಾಗಿ ಬಳಿದದ್ದಲ್ಲ. ಅಮೆರಿಕದ ಜಲಮಾರ್ಗಗಳಲ್ಲಿ, ಹೊರಗಿನ ನೀರಿನಿಂದ ಬಂದರನ್ನು ಪ್ರವೇಶಿಸುವ ಹಡಗಿಗೆ ಬಲಗಡೆ ಕಾಣಬೇಕಾದ ಗುರುತು ಕೆಂಪಾಗಿರಬೇಕೆಂಬ ನಿಯಮವಿದೆ. ಪೂರ್ವ ದಂಡೆಯ ಬಂದರಿಗೆ ಪಶ್ಚಿಮದಿಂದ ಬರುವ ಹಡಗಿನ ಬಲಗಡೆ ಎಂದರೆ ದಕ್ಷಿಣ. ಈ ಮೂರು ಊರುಗಳ ಪ್ರಸಿದ್ಧ ಗೋಪುರಗಳೂ ಬಂದರಿನ ಪ್ರವೇಶ ಕಾಲುವೆಯ ದಕ್ಷಿಣ ಬದಿಯಲ್ಲೇ ಇವೆ ಎಂಬುದನ್ನು ನಕ್ಷೆಯಲ್ಲಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಈಗ ‘ದೊಡ್ಡ ಕೆಂಪು’ ಎಂದೇ ಹೆಸರಾದ ಹಾಲೆಂಡಿನ ಕಟ್ಟಡಕ್ಕೆ ಕೆಂಪು ಬಣ್ಣ ಬಳಿದದ್ದು ಕೂಡ 1956ರಲ್ಲಿ, ಇದೇ ನಿಯಮಕ್ಕೆ ಅನುಸಾರವಾಗಿ.

ಇಂಥ ಪಿಯರ್‌ಗಳ ಮೇಲೆ ನಡೆಯುವವರಿಗೆ ಒಂದು ಎಚ್ಚರಿಕೆ ಅಗತ್ಯ. ನೋಡಲು ನೇರವಾದ, ಅಗಲವಾದ ಕಾಂಕ್ರೀಟ್ ದಾರಿ, ಕೊನೆಯಲ್ಲಿ ದೀಪಸ್ತಂಭ. ಗಾಳಿ ಬಿದ್ದ ದಿನ ಅದೇ ದಾರಿಯ ಮೇಲೆ ಅಲೆಗಳು ಹಾಯುತ್ತವೆ, ಮತ್ತು ಜನ ಕೊಚ್ಚಿಹೋಗಿ ಮುಳುಗಿದ ಘಟನೆಗಳು ಪದೇ ಪದೇ ವರದಿಯಾಗುತ್ತವೆ. ಗಾಳಿ ನಿಂತ ಮೇಲೂ ನಂಬುವಂತಿಲ್ಲ. ಬಿರುಗಾಳಿ ಹಾದುಹೋಗುವಾಗ ಗಾಳಿಯ ಮತ್ತು ವಾಯುಭಾರದ ಒತ್ತಡಕ್ಕೆ ಸರೋವರದ ನೀರು ಒಂದು ಬದಿಗೆ ಒತ್ತರಿಸಿ, ಬಳಿಕ ಎದುರು ದಂಡೆಗೆ ಹಿಂತಿರುಗುವುದುಂಟು. 1954ರ ಜೂನ್ 26ರಂದು ಹೀಗೆ ಹಿಂತಿರುಗಿದ ನೀರು ಶಿಕಾಗೊ ದಂಡೆಯಲ್ಲಿ ಮೀನು ಹಿಡಿಯುತ್ತಿದ್ದವರನ್ನು ಎಳೆದೊಯ್ದು ಎಂಟು ಜನರ ಜೀವ ತೆಗೆಯಿತು. ಚಳಿಗಾಲದಲ್ಲಿ ಮಂಜುಗಡ್ಡೆಯ ಹೊದಿಕೆ ತೊಟ್ಟ ಸೇಂಟ್ ಜೋಸೆಫ್ ದೀಪಸ್ತಂಭಗಳ ಚಿತ್ರ ತೆಗೆಯಲು ಕಟ್ಟೆಯ ಮೇಲೆ ಹೋಗುವುದಂತೂ ಸಾಹಸವಲ್ಲ, ಅವಿವೇಕ. ದಂಡೆಯಿಂದಲೇ ಅವು ಚೆನ್ನಾಗಿ ಕಾಣುತ್ತವೆ.

ಒಂದೇ ದೀಪಸ್ತಂಭ ನೋಡಲು ಸಮಯವಿದೆ, ಯಾವುದನ್ನು ನೋಡಲಿ ಎಂದು ಯಾರಾದರೂ ಕೇಳಿದರೆ ನಾನು ಸೂಚಿಸುವುದು ಲಡಿಂಗ್ಟನ್ ಪಟ್ಟಣದ ಬಳಿಯ ಬಿಗ್ ಸೇಬಲ್ ಪಾಯಿಂಟನ್ನು. 1867ರಲ್ಲಿ ಕಟ್ಟಿದ, ಸುಮಾರು 34 ಮೀಟರ್ ಎತ್ತರದ, ಕಪ್ಪು-ಬಿಳಿ ಪಟ್ಟೆಗಳ ಈ ಗೋಪುರದವರೆಗೆ ಸಾಮಾನ್ಯವಾಗಿ ಪ್ರವಾಸಿಗರ ಕಾರು ಹೋಗುವುದಿಲ್ಲ. ಲಡಿಂಗ್ಟನ್ ಸ್ಟೇಟ್ ಪಾರ್ಕಿನಿಂದ ಮರಳುದಿಬ್ಬಗಳ ನಡುವೆ ಸುಮಾರು ಮೂರು ಕಿಲೋಮೀಟರ್ ನಡೆಯಬೇಕು. ಈ ನಡಿಗೆಯೇ ಅರ್ಧ ಇತಿಹಾಸ ಹೇಳುತ್ತದೆ, ಏಕೆಂದರೆ ಪಾಲಕರ ಕುಟುಂಬಗಳು ಬಹುಕಾಲ ರಸ್ತೆಯಿಲ್ಲದೆ, 1940ರ ದಶಕದ ಕೊನೆಯವರೆಗೆ ವಿದ್ಯುತ್ತಿಲ್ಲದೆ ಇಲ್ಲಿ ಬದುಕಿದವು. ಮೊದಲು ಕಟ್ಟಿದ ಇಟ್ಟಿಗೆಗಳು ಗಾಳಿ, ಮರಳು, ಹಿಮಗಳ ಹೊಡೆತಕ್ಕೆ ಉದುರತೊಡಗಿದ್ದರಿಂದ 1900ರಲ್ಲಿ ಇಡೀ ಗೋಪುರಕ್ಕೆ ಉಕ್ಕಿನ ತಗಡುಗಳ ಕವಚ ತೊಡಿಸಿದರು. ಈಗ ನಾವು ನೋಡುವುದು ಆ ಕವಚವನ್ನು. ದಕ್ಷಿಣಕ್ಕಿರುವ ಲಿಟಲ್ ಸೇಬಲ್ ಪಾಯಿಂಟಿನ ಗೋಪುರ 1874ರದು. ಅದರ ಇಟ್ಟಿಗೆ ಗಟ್ಟಿಯಾಗಿದ್ದುದರಿಂದ ಯಾವ ಕವಚವೂ ಬೇಕಾಗಲಿಲ್ಲ. ಆದರೆ ಪಾಲಕರ ಮನೆಯನ್ನು ಕೆಡವಿದ್ದರಿಂದ ಅದು ಮರಳಿನಲ್ಲಿ ಒಂಟಿಯಾಗಿ ಉಳಿದಿದೆ. ಎರಡನ್ನೂ ಒಟ್ಟಿಗೆ ನೋಡಿದವರಿಗೆ, ಪಾಲಕರ ಮನೆಯಿಲ್ಲದ ಗೋಪುರ ಎಷ್ಟನ್ನು ಕಳೆದುಕೊಂಡಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಈ ಎರಡೂ ಗೋಪುರಗಳನ್ನು, ಜೊತೆಗೆ ಲಡಿಂಗ್ಟನ್ ಬಂದರಿನ ಮತ್ತು ವೈಟ್ ರಿವರ್‌ನ ದೀಪಗಳನ್ನು, ಸೇಬಲ್ ಪಾಯಿಂಟ್ಸ್ ಲೈಟ್‌ಹೌಸ್ ಕೀಪರ್ಸ್ ಅಸೋಸಿಯೇಷನ್ ಎಂಬ ಸ್ವಯಂಸೇವಾ ಸಂಘ ನೋಡಿಕೊಳ್ಳುತ್ತಿದೆ. ಬೇಸಿಗೆಯಲ್ಲಿ ಸ್ವಯಂಸೇವಕರು ಸರದಿಯಂತೆ ಬಂದು ಬಿಗ್ ಸೇಬಲ್‌ನ ಪಾಲಕರ ಮನೆಯಲ್ಲೇ ತಂಗಿ, ಬಂದವರಿಗೆ ಮೆಟ್ಟಿಲ ದಾರಿ ತೋರಿಸಿ, ಅಂಗಡಿ ನಡೆಸಿ, ಕಸ ಗುಡಿಸಿ ಹೋಗುತ್ತಾರೆ. ಇಂಥ ಸಂಘಗಳು ಹುಟ್ಟಿದ್ದಕ್ಕೆ ಕಾರಣವಿದೆ. 1939ರಲ್ಲಿ ದೀಪಸ್ತಂಭಗಳ ಆಡಳಿತ ಅಮೆರಿಕದ ಕೋಸ್ಟ್ ಗಾರ್ಡ್‌ಗೆ ಹೋಯಿತು. ದೀಪಗಳು ಒಂದೊಂದಾಗಿ ಸ್ವಯಂಚಾಲಿತವಾದ ಮೇಲೆ ಪಾಲಕರು ಹೊರಟುಹೋದರು, ಮನೆಗಳಿಗೆ ಬೀಗ ಬಿತ್ತು; ಚಾವಣಿ ಸೋರುವ, ಕಿಟಕಿ ಒಡೆಯುವ, ಕಳ್ಳರು ನುಗ್ಗುವ ಸರದಿ ಶುರುವಾಯಿತು. ಜನವಿಲ್ಲದ ಮನೆ ಬೇಗ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. 2000ದಲ್ಲಿ ಅಮೆರಿಕದ ಸಂಸತ್ತು ಐತಿಹಾಸಿಕ ದೀಪಸ್ತಂಭಗಳ ರಕ್ಷಣೆಗಾಗಿ ಕಾಯ್ದೆಯೊಂದನ್ನು ಮಾಡಿತು. ಅದರ ಪ್ರಕಾರ, ಸರ್ಕಾರಕ್ಕೆ ಬೇಡವಾದ ದೀಪಸ್ತಂಭವನ್ನು ಸ್ಥಳೀಯ ಆಡಳಿತಗಳಿಗೆ ಅಥವಾ ಲಾಭದ ಉದ್ದೇಶವಿಲ್ಲದ ಸಂಘಗಳಿಗೆ ಬೆಲೆಯಿಲ್ಲದೆ ಹಸ್ತಾಂತರಿಸಬಹುದು. ಆದರೆ ಪಡೆದವರು ಅದನ್ನು ಕಾಪಾಡಬೇಕು ಮತ್ತು ಸಾರ್ವಜನಿಕರ ಭೇಟಿಗೆ ತೆರೆದಿಡಬೇಕು. ಅರ್ಹರಾರೂ ಮುಂದೆ ಬರದಿದ್ದರೆ ಹರಾಜು.

ಹಸ್ತಾಂತರ ಉಚಿತವಾದರೂ ದುರಸ್ತಿ ಉಚಿತವಲ್ಲ. ತುಕ್ಕು ತಿಂದ ಕಬ್ಬಿಣ, ನೀರು ಕುಡಿದ ಇಟ್ಟಿಗೆ, ಹಳೆಯ ಸೀಸದ ಬಣ್ಣ ಇವೆಲ್ಲವನ್ನೂ ಸರಿಪಡಿಸುವ ಖರ್ಚು ದೊಡ್ಡದು. ಮಿಶಿಗನ್ ರಾಜ್ಯ ಇದಕ್ಕಾಗಿ ವಾಹನಗಳ ವಿಶೇಷ ನಂಬರ್ ಪ್ಲೇಟ್ ಒಂದನ್ನು ಮಾರಿ ಅದರ ಹಣದಿಂದ ನೆರವು ನೀಡುತ್ತದೆ. ಕೆಂಪು-ಬಿಳಿ ಸುರುಳಿ ಪಟ್ಟೆಯ ವೈಟ್ ಶೋಲ್ ದೀಪಸ್ತಂಭದ ಚಿತ್ರ ಆ ಪ್ಲೇಟಿನ ಮೇಲಿದೆ. ಅದಕ್ಕೆ ಹೊರತಾಗಿ ಸಂಘಗಳು ನೆಚ್ಚಿಕೊಂಡಿರುವುದು ದೇಣಿಗೆ, ಸದಸ್ಯತ್ವ ಮತ್ತು ಮೆಟ್ಟಿಲು ಹತ್ತುವವರು ಕೊಡುವ ಚಿಕ್ಕ ಶುಲ್ಕವನ್ನು. ಹೊರಗಿನಿಂದ ಚಿತ್ರ ತೆಗೆದುಕೊಂಡು ಹೋಗುವವರಿಂದ ಅವರಿಗೆ ಏನೂ ದೊರೆಯುವುದಿಲ್ಲ.

ಸರೋವರವನ್ನು ಪೂರ್ತಿ ಸುತ್ತಿ ಎಲ್ಲ ದೀಪಸ್ತಂಭಗಳನ್ನೂ ‘ಮುಗಿಸುವ’ ಪ್ರವಾಸವನ್ನು ನಾನು ಒಪ್ಪುವುದಿಲ್ಲ. ಮಿಶಿಗನ್ ರಾಜ್ಯವೊಂದರಲ್ಲೇ ನೂರಕ್ಕೂ ಹೆಚ್ಚು ದೀಪಸ್ತಂಭಗಳಿವೆ. ಅಮೆರಿಕದ ಬೇರಾವ ರಾಜ್ಯದಲ್ಲೂ ಇಷ್ಟಿಲ್ಲ. ದಂಡೆಯ ಒಂದು ತುಂಡನ್ನು ಆರಿಸಿಕೊಂಡು, ದಿನಕ್ಕೆ ಎರಡನ್ನು ನಿಧಾನವಾಗಿ ನೋಡುವುದು ಮೇಲು. ಉತ್ತರಕ್ಕೆ ಹೋಗುವವರು ಮ್ಯಾಕಿನಾ ಸಿಟಿಯ ಓಲ್ಡ್ ಮ್ಯಾಕಿನಾ ಪಾಯಿಂಟನ್ನು ಬಿಡಬಾರದು. 1957ರಲ್ಲಿ ಪಕ್ಕದಲ್ಲೇ ಮಹಾಸೇತುವೆ ತೆರೆದು, ಅದರ ದೀಪಗಳೇ ಹಡಗುಗಳಿಗೆ ದಾರಿ ತೋರತೊಡಗಿದ್ದರಿಂದ ಆ ದೀಪಸ್ತಂಭದ ಕೆಲಸ ಅದೇ ವರ್ಷ ಮುಗಿಯಿತು. ಸೇತುವೆ ದಾಟಿ ಸುಪೀರಿಯರ್ ಸರೋವರದ ಕಡೆ ಹೊರಟರೆ ವೈಟ್‌ಫಿಶ್ ಪಾಯಿಂಟ್ ಸಿಗುತ್ತದೆ. 1975ರ ನವೆಂಬರ್ 10ರ ರಾತ್ರಿ ‘ಎಡ್ಮಂಡ್ ಫಿಟ್ಜೆರಾಲ್ಡ್’ ಎಂಬ 222 ಮೀಟರ್ ಉದ್ದದ ಅದಿರು ಹಡಗು, ಆಶ್ರಯಕ್ಕೆಂದು ಈ ಕಡೆ ಬರುತ್ತಿದ್ದಾಗ, ತನ್ನ 29 ಜನರೊಂದಿಗೆ ಮುಳುಗಿತು. ಬಿರುಗಾಳಿಗೆ ವಿದ್ಯುತ್ ಕಡಿದು ವೈಟ್‌ಫಿಶ್ ಪಾಯಿಂಟಿನ ದೀಪವೂ ರೇಡಿಯೊ ಸಂಕೇತವೂ ಆ ರಾತ್ರಿ ಕೈಕೊಟ್ಟಿದ್ದವು. 1995ರಲ್ಲಿ ಮೇಲೆತ್ತಿದ ಆ ಹಡಗಿನ ಗಂಟೆ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿದೆ. ಉಪಗ್ರಹಗಳು ದಾರಿ ತೋರುವ ಈ ಕಾಲದಲ್ಲಿ ದೀಪಸ್ತಂಭಗಳು ಬರಿಯ ಶೋಭೆ ಎನ್ನುವವರು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದೆ ಮಹಾಸರೋವರಗಳ ಬಗ್ಗೆ ಪ್ರವಾಸ ಲೇಖನಗಳನ್ನು ಪ್ರಕಟಿಸುವಾಗ, ಚಿತ್ರದ ಜೊತೆಗೆ ಆ ದೀಪಸ್ತಂಭವನ್ನು ಯಾವ ವರ್ಷ ಕಟ್ಟಲಾಯಿತು, ಈಗ ಯಾವ ಸಂಘ ಅಥವಾ ಇಲಾಖೆ ಅದನ್ನು ನಡೆಸುತ್ತಿದೆ, ಗೋಪುರ ಹತ್ತಲು ಅವಕಾಶವಿದೆಯೇ, ಎಷ್ಟು ದೂರ ನಡೆಯಬೇಕು ಎಂಬ ವಿವರಗಳನ್ನು ಲೇಖಕರಿಂದ ಕೇಳಿ ಪಡೆದು ಮುದ್ರಿಸಬೇಕು. ಬಹುತೇಕ ಗೋಪುರಗಳು ಬೇಸಿಗೆಯಲ್ಲಿ ಮತ್ತು ಅದರ ಹಿಂದುಮುಂದಿನ ಕೆಲವು ವಾರಗಳಲ್ಲಿ ಮಾತ್ರ ತೆರೆದಿರುವುದರಿಂದ, ಹೊರಡುವ ಮುನ್ನ ದಿನಾಂಕ ವಿಚಾರಿಸಿಕೊಳ್ಳುವಂತೆ ಒಂದು ಸಾಲು ಸೇರಿಸಿದರೆ ದೂರದಿಂದ ಹೋಗುವ ಹಿರಿಯರಿಗೆ ಉಪಕಾರವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ